ನನ್ನ ಸಾಲಿನಲ್ಲಿ ನಿನ್ನ ಹೆಸರು

ಬೇರಿಕೆ,
14-6-1987, ಭಾನುವಾರ

ಪ್ರೀತಿಯ ಅಣ್ಣಾ,

ನಿನಗೆ ಆದಿಯ ನಮಸ್ಕಾರ. ಲಕೋಟೆಯ ಮೇಲೆ ನನ್ನ ಅಕ್ಷರ ಕಂಡು ಎದೆ ಹೊಡೆದುಕೊಂಡಿರಬಹುದು, ಆದ್ದರಿಂದ ಇದನ್ನು ಮೊದಲೇ ಹೇಳಿಬಿಡುತ್ತೇನೆ: ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ಯಾರಿಗೂ ಏನೂ ಆಗಿಲ್ಲ. ನೀನು ಹೇಗಿದ್ದೀಯ? ಹೊಟ್ಟೆಯುರಿ ಕಡಿಮೆಯಾಯಿತೇ, ಅಥವಾ ಈಗಲೂ ರಾತ್ರಿ ಮಜ್ಜಿಗೆ ಕುಡಿದೇ ಮಲಗುತ್ತೀಯಾ? ತಿಂಗಳಿಗೊಂದು ಕಾರ್ಡಿನಲ್ಲಿ ‘ಕ್ಷೇಮ, ಕೆಲಸ ನಡೆಯುತ್ತಿದೆ, ಅಲ್ಲಿ ಮಳೆ ಹೇಗೆ’ ಎಂದು ಮೂರು ಮಾತು ಬರೆದು ಕೈತೊಳೆದುಕೊಂಡರೆ ನಮಗೆ ಏನು ತಿಳಿಯಬೇಕು? ಆ ಕಾರ್ಡನ್ನು ಅಪ್ಪ ಗಟ್ಟಿಯಾಗಿ ಓದುತ್ತಾನೆ, ಆಮೇಲೆ ಹಿಂದೆ ಮುಂದೆ ತಿರುಗಿಸಿ ನೋಡುತ್ತಾನೆ, ಎಲ್ಲಾದರೂ ಇನ್ನೊಂದು ಸಾಲು ಅಡಗಿದೆಯೇನೋ ಅಂತ. ಕೊಯಮತ್ತೂರಿನ ನೀರು ಸಿಹಿ ಅನ್ನುತ್ತಾರೆ, ಅದಾದರೂ ನಿನ್ನ ಮೈಗೆ ಹಿಡಿದಿದ್ದರೆ ಸಾಕು.

ಅಪ್ಪನ ಮಂಡಿನೋವು ಹಾಗೇ ಇದೆ, ಆದರೂ ಬೆಳಗಿನ ಜಾವಕ್ಕೆ ಹಿಪ್ಪುನೇರಳೆ ತೋಟಕ್ಕೆ ಹೋಗುವುದನ್ನು ಬಿಟ್ಟಿಲ್ಲ. ಕರಿಹಸು ಹೆಣ್ಣುಕರು ಹಾಕಿದೆ, ಹಣೆಯಲ್ಲಿ ಬಿಳಿ ಚುಕ್ಕೆ. ಜವಳಗಿರಿಯ ಅತ್ತೆ ಮನೆಯ ಹೊಲಕ್ಕೆ ಮತ್ತೆ ಆನೆ ಇಳಿದಿತ್ತಂತೆ, ಹಲಸಿನ ಮರ ಒಂದನ್ನು ಬರೀ ಕಾಯಿಗಾಗಿ ಅರ್ಧ ಮುರಿದು ಹಾಕಿ ಹೋಗಿದೆ. ಅಮ್ಮ ಹೊಸೂರು ಆಸ್ಪತ್ರೆಯಲ್ಲಿ ಎರಡು ಹಲ್ಲು ಕೀಳಿಸಿಕೊಂಡಳು. ಬೈಯುವುದು ಮಾತ್ರ ಕಡಿಮೆಯಾಗಿಲ್ಲ, ಈಗ ಅದರಲ್ಲಿ ಸ್ವಲ್ಪ ಗಾಳಿ ಸೇರಿಕೊಂಡಿದೆ, ಅಷ್ಟೆ. ನಾನು ಅದೇ ಏಳೂಕಾಲರ ಬಸ್ಸಿಗೆ ಫ್ಯಾಕ್ಟರಿಗೆ ಹೋಗುತ್ತೇನೆ, ಸಂಜೆ ಅದೇ ಐದೂ ಇಪ್ಪತ್ತರದ್ದಕ್ಕೆ ಬರುತ್ತೇನೆ.

ನೀನು ಹೋಗಿ ಹದಿನಾಲ್ಕು ತಿಂಗಳಾಯಿತು. ಇದು ನಾನು ನಿನಗೆ ಬರೆಯುತ್ತಿರುವ ಮೊದಲ ಪತ್ರ. ಅಪ್ಪನ ಕಾರ್ಡಿನ ಕೆಳಗೆ ಒಂದು ಸಾಲು ಸೇರಿಸು ಎಂದಾಗಲೂ ಕೈಯಲ್ಲಿ ಹಿಟ್ಟಿದೆ, ರೇಷ್ಮೆ ಹುಳುವಿಗೆ ಸೊಪ್ಪು ಹಾಕಬೇಕು ಎಂದು ತಪ್ಪಿಸಿಕೊಳ್ಳುತ್ತಿದ್ದೆ. ಯಾಕೆಂದು ನಿನಗೆ ಗೊತ್ತು. ನೀನು ಟ್ರಂಕು ಹಿಡಿದು ಹೊರಟ ದಿನ ಅಮ್ಮ ಮುದ್ದೆ ಬಡಿಸಿದ್ದಳು. ನೀನು ಕೈ ಇಟ್ಟಾಗ ನಾನು ಬಾಗಿಲಲ್ಲಿ ನಿಂತು, ‘ಚಿನ್ನಪ್ಪನ ಕೈ ನೋಡ್ಕೊಂಡು ಬಂದು ಆಮೇಲೆ ಉಣ್ಣಣ್ಣಾ’ ಅಂದೆ. ನೀನು ಎದ್ದು ಕೈ ತೊಳೆದೆ. ಆ ಮಾತನ್ನು ನಾನು ಮರೆತಿಲ್ಲ. ನೀನೂ ಮರೆತಿರಲಾರೆ. ಇವತ್ತು ಬರೆಯುವುದು ಆ ಮಾತಿಗೆ ಸಂಬಂಧಪಟ್ಟದ್ದೇ. ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತೇನೆ, ಬೇಸರಪಡಬೇಡ. ಕ್ರಮವಾಗಿ ಹೇಳಿಕೊಳ್ಳದೆ ಹೋದರೆ ನನಗೆ ಮುಂದಕ್ಕೆ ಪೆನ್ನು ಓಡುವುದಿಲ್ಲ.

ಮೂರು ವರ್ಷದ ಹಿಂದೆ ಫ್ಯಾಕ್ಟರಿಗೆ ಕಂಪ್ಯೂಟರ್ ಬಂದಾಗ ನಮ್ಮ ಕಡೆಯ ಜನ ಅದನ್ನು ನೋಡಲು ಗಾಜಿನ ಗೋಡೆಗೆ ಮೂಗು ಒತ್ತಿಕೊಂಡು ನಿಲ್ಲುತ್ತಿದ್ದರು. ಕೃಷ್ಣಗಿರಿ ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಮಾಡಿದ್ದ ನೀನು ಆ ಗಾಜಿನ ಒಳಗಿದ್ದೆ. ಟೈಪಿಂಗ್ ಹೈಯರ್ ಪಾಸಾಗಿ ಮನೆಯಲ್ಲಿ ಹುಳುವಿಗೆ ಸೊಪ್ಪು ಕತ್ತರಿಸುತ್ತಿದ್ದ ನನ್ನಿಂದ ಅರ್ಜಿ ಹಾಕಿಸಿದವನೂ ನೀನೇ. ನಾವು ಮೂರು ಹುಡುಗಿಯರು ಟೆಂಪರರಿಯಾಗಿ ಸೇರಿದೆವು. ಲೋಹ ಕೊರೆಯುವ ಯಂತ್ರಕ್ಕೆ ಎಲ್ಲಿ ಎಷ್ಟು ಆಳ ಕೊರೆಯಬೇಕು ಎನ್ನುವ ಲೆಕ್ಕವನ್ನು ನೀನು ಚೀಟಿಯಲ್ಲಿ ಬರೆದು ಕೊಡುತ್ತಿದ್ದೆ, ನಾವು ಅದನ್ನು ಟೈಪು ಮಾಡುತ್ತಿದ್ದೆವು, ಅದು ತೂತುತೂತಿನ ಕಾಗದದ ಪಟ್ಟಿಯಾಗಿ ಯಂತ್ರದ ಬಳಿಗೆ ಹೋಗುತ್ತಿತ್ತು. ತಿದ್ದಿದ್ದನ್ನೆಲ್ಲ ಕಂಪ್ಯೂಟರು ಒಂದರ ಮೇಲೊಂದು ಇಟ್ಟುಕೊಳ್ಳುವ ವ್ಯವಸ್ಥೆಯನ್ನು ದಪ್ಪ ಪುಸ್ತಕ ಓದಿ ಅಳವಡಿಸಿದವನೂ ನೀನೇ. ಹಳೆಯದು ಅಳಿಯುವುದಿಲ್ಲ, ಪ್ರತಿ ತಿದ್ದುಪಡಿಯ ಪಕ್ಕದಲ್ಲೂ ಯಾರು, ಯಾವಾಗ, ಯಾಕೆ ಎಂದು ಒಂದು ಸಾಲು ಬೀಳುತ್ತದೆ.

ಹುಡುಗಿಯರು ಮೂವರಿಗೂ ಸೇರಿ ‘ಆಪರೇಟರ್’ ಅಂತ ಒಂದೇ ಹೆಸರು ಸಾಕು ಎಂದು ಮೇನೇಜರು ಹೇಳಿದಾಗ ನೀನು ಒಪ್ಪಲಿಲ್ಲ. ‘ಕೆಲ್ಸ ಮಾಡೋರು ಮೂರು ಜನ, ಹೆಸ್ರು ಮಾತ್ರ ಒಂದೇ ಅಂದ್ರೆ ಹೆಂಗೆ ಸಾರ್? ಚೆನ್ನಾಗಿ ಮಾಡ್ದೋರು ಯಾರು ಅಂತ ನಾಳೆ ಹೆಂಗೆ ಗೊತ್ತಾಯ್ತದೆ?’ ಎಂದು ಅವರ ಮೇಜಿನ ಮುಂದೆಯೇ ನಿಂತೆ. ಆ ಸಂಜೆ ಹಸಿರು ಅಕ್ಷರದ ಪರದೆಯ ಮೇಲೆ ನನ್ನ ಮೊದಲ ಸಾಲು ತೋರಿಸಿದೆ: ತಾರೀಖು, ಗಂಟೆ, ಅದರ ಮುಂದೆ ‘ಆದಿ’. ಸ್ಕೂಲಿನ ಹಾಜರಿ ಪುಸ್ತಕ, ರೇಷನ್ ಕಾರ್ಡು ಬಿಟ್ಟರೆ ನನ್ನ ಹೆಸರನ್ನು ಬೇರೆ ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಬಸ್ಸಿನಲ್ಲಿ ಬರುವಾಗ ನಾನು ಸುಮ್ಮನೆ ನಗುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಮೊಸರಿನ ಹೆಂಗಸು, ‘ಏನಮ್ಮಾ, ಕಲ್ಯಾಣಮಾ?’ ಎಂದು ಕೇಳಿದ್ದಳು.

ಆಮೇಲಿನದು ಹೋದ ವರ್ಷದ ಮಾರ್ಚಿ ಹನ್ನೆರಡು, ಬುಧವಾರ. ಬೆಳಿಗ್ಗೆ ಹತ್ತೂವರೆಗೆ ಯಂತ್ರಗಳಿರುವ ಶಾಪಿನ ಕಡೆಯಿಂದ ಬಂದ ಸದ್ದು ಗಾಜಿನ ಕೋಣೆಗೂ ಕೇಳಿತು. ಎರಡೂವರೆ ಮಿಲಿಮೀಟರು ಇಳಿಯಬೇಕಾದ ಕೊರೆ ಇಪ್ಪತ್ತೈದು ಇಳಿದಿತ್ತು. ಲೋಹದ ತುಂಡನ್ನು ಬಿಗಿದು ಹಿಡಿದಿದ್ದ ಕಬ್ಬಿಣದ ಪಟ್ಟಿ ಮುರಿದು ಹಾರಿ, ಯಂತ್ರ ಓಡಿಸುತ್ತಿದ್ದ ಚಿನ್ನಪ್ಪನ ಬಲಗೈಗೆ ಬಿತ್ತು. ಎರಡು ಬೆರಳು ಹೋದವು. ಚಿನ್ನಪ್ಪ ಅಮ್ಮನ ತವರೂರು ಸೂಳಗಿರಿಯವನು, ಒಂದೇ ಬೀದಿ, ಚಿಕ್ಕಂದಿನಲ್ಲಿ ನಮ್ಮನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಸುತ್ತಾಡಿಸಿದವನು. ಸಂಜೆ ನಾಲ್ಕಕ್ಕೆ ವಿಚಾರಣೆ ಕೂತಿತು. ಕಂಪ್ಯೂಟರಿನಿಂದ ತಿದ್ದುಪಡಿಗಳ ಪಟ್ಟಿ ತೆಗೆಸಿದರು. ಆ ತಿದ್ದುಪಡಿಯ ಸಾಲಿನ ಮುಂದೆ ‘ವೆಂಕಟ್’ ಎಂದಿತ್ತು. ನೀನು, ‘ನಾನೇ ಸಾರ್, ಚುಕ್ಕಿ ಬಿಟ್ಟೋಯ್ತು’ ಅಂದೆ. ಅಲ್ಲಿಗೆ ಎಲ್ಲ ಮುಗಿಯಿತು. ನಾವು ಮೂವರು ಹುಡುಗಿಯರೂ ಹಿಂದೆ ಸಾಲಾಗಿ ನಿಂತಿದ್ದೆವು. ನಾನು ನಂಬಿದೆ ಅಣ್ಣಾ. ಅನುಮಾನ ಒಂದಿಷ್ಟೂ ಬರಲಿಲ್ಲ. ದಿನಕ್ಕೆ ಹದಿನೈದು ಚೀಟಿ ಟೈಪು ಮಾಡುವ ನನಗೆ ಯಾವುದು ಯಾವುದೆಂದು ನೆನಪಿರಲಿಲ್ಲ, ಮೇಲಾಗಿ ಕಂಪ್ಯೂಟರು ಸುಳ್ಳು ಹೇಳುವುದಿಲ್ಲ ಎಂದು ನೀನೇ ನನಗೆ ಕಲಿಸಿದ್ದೆ. ಅಷ್ಟೊಂದು ಹುಷಾರಿನವನು ಇಂಥ ಅಲಕ್ಷ್ಯ ಮಾಡಿದನಲ್ಲ, ಈಗ ಸೂಳಗಿರಿಯಲ್ಲಿ ಹೇಗೆ ತಲೆಯೆತ್ತಿ ನಡೆಯುವುದು ಎಂದು ಸಿಟ್ಟು ಬೆಳೆಸಿಕೊಂಡೆ. ನೀನು ರಾಜೀನಾಮೆ ಕೊಟ್ಟಾಗ ಸರಿಯಾಯಿತು ಎಂದುಕೊಂಡವಳು ನಾನು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ.

ಈಗ ಕಳೆದ ತಿಂಗಳಿನ ವಿಷಯ. ಕಂಪ್ಯೂಟರ್ ಕೋಣೆಯ ಮೇಲ್ವಿಚಾರಕ ಶ್ಯಾಮಣ್ಣನವರು ಬೀರು ಖಾಲಿ ಮಾಡಿಸುವಾಗ ಹಳೆಯ ಅಗಲ ಕಾಗದದ ಕಟ್ಟುಗಳನ್ನು ಬೇಕಾದವರು ಒಯ್ಯಿರಿ ಎಂದರು. ದಿನದ ತಿದ್ದುಪಡಿಗಳ ಪಟ್ಟಿಯನ್ನು ಅವರು ಸಂಜೆ ಆರಕ್ಕೆ ಪ್ರಿಂಟು ಹಾಕಿ ಇಡುತ್ತಿದ್ದರಲ್ಲ, ಅವೇ. ನಾನು ಎರಡು ಕಟ್ಟು ತಂದೆ. ಹುಳುವಿನ ತಟ್ಟೆಗೆ ಹಾಸಲು ಪೇಪರು ಸಾಲುತ್ತಿಲ್ಲ ಎಂದು ಅಮ್ಮ ಗೊಣಗುತ್ತಿದ್ದಳು. ಹುಳು ಮೂರನೇ ಜ್ವರ ಎದ್ದು, ಪೊರೆ ಕಳಚಿ, ಹಸಿದು ಸೊಪ್ಪಿಗೆ ಬಿದ್ದಿದ್ದ ಹೊತ್ತು. ಭಾನುವಾರ ಮಧ್ಯಾಹ್ನ ನಾನು ತಟ್ಟೆ ಚೊಕ್ಕಟ ಮಾಡುತ್ತಿದ್ದೆ. ಹುಳುಗಳನ್ನು ಬೇರೆ ತಟ್ಟೆಗೆ ಸಾಗಿಸಿ, ಕಡ್ಡಿ, ಹಿಕ್ಕೆ ಎಲ್ಲ ಕೊಡವಿದಾಗ ಕೆಳಗಿನ ಕಾಗದದಲ್ಲಿ 11-3-86 ಎಂಬ ತಾರೀಖು ಕಂಡಿತು. ಅದು ಚಿನ್ನಪ್ಪನ ಕೈ ಹೋದುದರ ಹಿಂದಿನ ದಿನ. ಸುಮ್ಮನೆ ಬೆರಳಿಟ್ಟು ಓದುತ್ತಾ ಬಂದೆ. ವಿಚಾರಣೆಯಲ್ಲಿ ಕೇಳಿ ಕೇಳಿ ಬಾಯಿಪಾಠವಾಗಿದ್ದ ಆ ಫೈಲಿನ ನಂಬರು ಸಿಕ್ಕಿತು. ಗಂಟೆ ಐದೂ ಹತ್ತು. ಕಾರಣ: ಆಳ ತಿದ್ದಿದೆ. ಹೆಸರು: ಆದಿ.

ನಾಲ್ಕೈದು ಸಲ ಓದಿದೆ. ಒಂದು ಹುಳು ಹಿಂದೆ ಉಳಿದು ಆ ಸಾಲಿನ ಮೇಲೆಯೇ ಹರಿಯುತ್ತಿತ್ತು, ಅದನ್ನು ಎತ್ತಿಡಲೂ ಕೈಬರಲಿಲ್ಲ. ಆಮೇಲೆ ಒಂದೊಂದಾಗಿ ನೆನಪಾಯಿತು. ನೀನು ಆ ಮಂಗಳವಾರ ಮೇನೇಜರ ಜೊತೆ ಪ್ಲಾನಿಂಗ್ ಮೀಟಿಂಗಿನಲ್ಲಿ ಸಿಕ್ಕಿಕೊಂಡಿದ್ದೆ, ದಿನಾ ಮಾಡುವಂತೆ ನನ್ನ ಪರದೆ ಓದಿ ನೋಡಲು ಬರಲಿಲ್ಲ. ಬಸ್ಸಿಗೆ ಹತ್ತು ನಿಮಿಷವಿತ್ತು. ಕೊನೆಯ ಚೀಟಿ. ಮರುದಿನ ಬೆಳಿಗ್ಗೆ ಹೋದವಳೇ ಚೀಟಿಗಳ ಫೈಲು ಹುಡುಕಿ ತೆಗೆದೆ. ನಿನ್ನ ನೀಲಿ ಪೆನ್ಸಿಲಿನಲ್ಲಿ ಎರಡರ ಪಕ್ಕ ಚುಕ್ಕಿ ಇದೆ ಅಣ್ಣಾ, ಕಡಲೆಕಾಳಿನಷ್ಟು ದಪ್ಪವಾಗಿದೆ. ಬಿಟ್ಟವಳು ನಾನು.

ಶ್ಯಾಮಣ್ಣನವರ ಮುಂದೆ ಆ ಕಾಗದ ಹರವಿದೆ. ಅವರು ಎದ್ದು ಬಾಗಿಲು ಹಾಕಿಕೊಂಡು ಬಂದು ಕೂತರು. ಕನ್ನಡಕ ತೆಗೆದು ಒರೆಸಿ ಒರೆಸಿ ಕೊನೆಗೆ, ‘ಹಿಂದಿನ ಸಂಜೆನೇ ಪ್ರಿಂಟು ಆಗಿದ್ದು ನಂಗೂ ಹೊಳೀಲಿಲ್ಲ, ಅವ್ನಿಗೂ ಹೊಳೀಲಿಲ್ಲ ಕಣಮ್ಮಾ’ ಅಂದರು. ಅಪಘಾತವಾದ ಮಧ್ಯಾಹ್ನ ನೀನು ಅವರ ಎದುರಿಗೇ ಕೂತು ನನ್ನ ತಿದ್ದುಪಡಿಯನ್ನು ಕಿತ್ತು, ಅದೇ ತಾರೀಖು ಅದೇ ಗಂಟೆ ಕೊಟ್ಟು, ಹೆಸರು ಮಾತ್ರ ನಿನ್ನದು ಹಾಕಿ ಮತ್ತೆ ಸೇರಿಸಿದೆಯಂತೆ. ಬೇರೆಯವರ ಹೆಸರು ಹಾಕುವುದಕ್ಕೂ ಆ ದಪ್ಪ ಪುಸ್ತಕದಲ್ಲಿ ದಾರಿ ಇದೆಯಂತೆ. ಅದನ್ನು ನೀನು ನನಗೆ ಕಲಿಸಿರಲಿಲ್ಲ. ಶ್ಯಾಮಣ್ಣನವರು ಬೇಡ ಎಂದು ಕೈ ಹಿಡಿದರಂತೆ. ನೀನು ಹೇಳಿದ್ದನ್ನು ಅವರು ಹಾಗೇ ಒಪ್ಪಿಸಿದರು: ‘ಅವ್ಳು ಟೆಂಪರ್ವರಿ ಸಾರ್, ನಾಳೆನೇ ಮನೆಗೆ ಕಳುಸ್ಬುಡ್ತಾರೆ. ಅವ್ಳ ಜತೆ ಆ ಇಬ್ರು ಹೆಣ್ಮಕ್ಳೂ ಹೋಯ್ತಾರೆ, ಹುಡ್ಗೀರ ಕೈಗೆ ಕೊಟ್ಟಿದ್ದೇ ತಪ್ಪು ಅಂತಾರೆ. ನಂಗೆ ಡಿಪ್ಲೊಮಾ ಐತೆ, ಎಲ್ಲಾದ್ರೂ ಬದುಕ್ಕೋತೀನಿ. ಓದಿ ನೋಡ್ಬೇಕಾದೋನು ನಾನು, ನೋಡ್ಲಿಲ್ಲ. ನನ್ನೆಸ್ರು ಹಾಕಿದ್ರೆ ಪೂರ್ತಿ ಸುಳ್ಳೇನೂ ಅಲ್ಲ.’

ಅಣ್ಣಾ, ಅವತ್ತು ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಮೂವರಿಗೆ ಒಂದೇ ಹೆಸರು ಬೇಡವೆಂದು ಜಗಳವಾಡಿ ನನಗೊಂದು ಹೆಸರು ಕೊಡಿಸಿದವನು ನೀನು. ಅದನ್ನು ನನ್ನನ್ನು ಕೇಳದೆ ಅಳಿಸಿದವನೂ ನೀನು. ಚೆನ್ನಾಗಿ ಮಾಡಿದ ಸಾಲುಗಳೆಲ್ಲ ನನ್ನವು, ಕೆಟ್ಟದ್ದೊಂದು ಮಾತ್ರ ನಿನ್ನದು ಎಂದು ಹಂಚಿಕೊಳ್ಳಲು ನಾನೇನು ಎಳೆಮಗುವೇ? ನೀನು ನನ್ನ ಮುಂದೆ ಬಂದು, ‘ಆದಿ, ಇದು ನಿಂದು, ಏನ್ ಮಾಡಣ?’ ಎಂದು ಒಂದು ಮಾತು ಕೇಳಿದ್ದರೆ ನಾನು ಹೆದರಿ ನಡುಗಿ ನಿನ್ನ ಹಿಂದೆಯೇ ಅಡಗಿಕೊಳ್ಳುತ್ತಿದ್ದೆನೇನೋ. ಅದು ನಿನಗೆ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲವೇನೋ. ಎರಡು ರಾತ್ರಿ ಹೀಗೆಲ್ಲ ಯೋಚಿಸಿದೆ. ಮೂರನೆಯ ದಿನ ಬೇರೆ ಏನೂ ತೋಚದೆ, ಮೊದಲು ಚಿನ್ನಪ್ಪನಿಗೆ ಹೇಳಬೇಕು ಅನ್ನಿಸಿತು.

ಸೂಳಗಿರಿಗೆ ಒಬ್ಬಳೇ ಹೋದೆ. ಚಿನ್ನಪ್ಪ ಅಂಗಳದಲ್ಲಿ ಎತ್ತಿಗೆ ಹಗ್ಗ ಹೊಸೆಯುತ್ತಿದ್ದ, ಎಡಗೈಯಲ್ಲಿ ಹಿಡಿದು ಬಲಗೈಯ ಉಳಿದ ಬೆರಳುಗಳಲ್ಲಿ ತಿರುವುತ್ತಿದ್ದ. ಈಗ ಅವನಿಗೆ ಸ್ಟೋರಿನಲ್ಲಿ ಕೆಲಸ. ನಾನು ಕೂರಲೂ ಇಲ್ಲ, ನಿಂತೇ ಎಲ್ಲ ಹೇಳಿದೆ. ಅವನು ಹಗ್ಗ ಕೆಳಗಿಟ್ಟ. ಅವನ ಹೆಂಡತಿ ಮಂಗಮ್ಮ ಬಾಗಿಲಿಗೆ ಬಂದು ನಿಂತಿದ್ದಳು, ಅವಳೇ ಮೊದಲು ಮಾತಾಡಿದಳು. ‘ಆರು ತಿಂಗ್ಳು ನಾನು ಇವ್ರಿಗೆ ಮಗೀಗೆ ತಿನ್ನಿಸ್ದಂಗೆ ತಿನ್ನಿಸ್ದೆ. ಆ ಹುಡ್ಗ ಇಪ್ಪತ್ತು ದಿನ ಆಸ್ಪತ್ರೆಗೆ ದಿನಾ ಬಂದು ಇವ್ರ ಕಾಲ್ದೆಸೆ ಕೂತ್ಕೊಂಡು ಹೋಗೋನು. ಮಖ ಕೂಡ ಎತ್ತಿ ನೋಡ್ಲಿಲ್ಲ ನಾನು. ಇವಾಗ ಬಂದು ನಾನು ಅಂತೀಯಾ?’ ಎಂದು ಒಳಗೆ ಹೋದವಳು ನಾನು ಹೊರಡುವವರೆಗೂ ಹೊರಗೆ ಬರಲಿಲ್ಲ. ನೀನು ದಿನಾ ಆಸ್ಪತ್ರೆಗೆ ಹೋಗುತ್ತಿದ್ದುದು ನನಗೆ ತಿಳಿದದ್ದು ಆಗಲೇ. ಓವರ್‌ಟೈಮ್ ಎಂದು ಹೇಳಿದ್ದೆ ನೀನು. ಚಿನ್ನಪ್ಪನ ಕೈ ನೋಡಿಕೊಂಡು ಬಂದು ಉಣ್ಣು ಎಂದು ಹೇಳಿದ್ದು ಇಪ್ಪತ್ತು ದಿನ ನೋಡಿಕೊಂಡು ಬಂದಿದ್ದವನಿಗೆ.

ಆಮೇಲೆ ಚಿನ್ನಪ್ಪ ಹೇಳಿದ: ‘ನೋಡಮ್ಮಾ, ನಂಗೆ ಕೋಪ ಇಲ್ಲ ಅಂದ್ರೆ ಸುಳ್ಳಾಯ್ತದೆ. ಐತೆ. ಆದ್ರೆ ಒಂದ್ ಮಾತು. ಹೊಸ ಕಾಗ್ದದ ಪಟ್ಟಿ ಬಂದಾಗ ಮೊದ್ಲು ಲೋಹದ ತುಂಡು ಕಟ್ದೆ ಖಾಲಿ ಓಡ್ಸಿ ನೋಡ್ಬೇಕು ಅಂತ ರೂಲು. ಅವತ್ತು ಲಾರಿ ಬಂದು ನಿಂತಿತ್ತು. ಫೋರ್‌ಮನ್ನು ಹಾಕು, ಹಾಕು ಅಂದ. ನಾನೂ ಹಾಕ್ದೆ. ವಿಚಾರಣೇಲಿ ಇದನ್ನ ಹೇಳಣ ಅಂತ ಕಾದೆ, ನನ್ನನ್ನ ಯಾರೂ ಕೇಳ್ಲೇ ಇಲ್ಲ. ಹೆಸ್ರು ಸಿಕ್ಬುಟ್ಟಿತ್ತಲ್ಲ.’ ನಾನು ಮೇನೇಜರಿಗೆ ಬರೆದು ಕೊಡುತ್ತೇನೆ ಎಂದಾಗ, ‘ಕೊಡು. ನಾನೂ ಬತ್ತೀನಿ, ಖಾಲಿ ಓಡ್ಸಿಲ್ಲ ಅಂತ ನಾನೂ ಹೇಳ್ತೀನಿ’ ಅಂದ. ಬಸ್‌ಸ್ಟಾಪಿನವರೆಗೆ ಜೊತೆಗೆ ಬಂದ.

ಮೇನೇಜರು ನನ್ನ ಕಾಗದ ಓದಿ ತಲೆಗೆ ಕೈ ಹೊತ್ತರು. ‘ಅದು ಮುಡಿಂಜು ಪೋಚ್ಚುಮ್ಮಾ, ಇಪ್ಪೊ ಎದುಕ್ಕು?’ ಎಂದರು, ಮುಗಿದುಹೋದ ಕೇಸನ್ನು ಈಗ ಯಾಕೆ ಕೆದಕುತ್ತೀ ಎಂದು. ನನ್ನ ಕೆಲಸ ಈ ಜನವರಿಯಲ್ಲಷ್ಟೇ ಖಾಯಂ ಆಗಿರುವುದನ್ನು ನೆನಪಿಸಿದರು. ಅಣ್ಣಾ, ತಮಿಳು ಬರುವುದೇ ಮರೆತುಹೋಗಿ ಕನ್ನಡದಲ್ಲೇ, ‘ಮುಗಿದಿಲ್ಲ ಸಾರ್, ನಮ್ಮಣ್ಣ ಮನೆ ಬಿಟ್ಟು ಹೋಗವ್ನೆ’ ಅಂದುಬಿಟ್ಟೆ. ಅಷ್ಟು ಹೊತ್ತಿಗೆ ಚಿನ್ನಪ್ಪ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ. ಅವನನ್ನು ನೋಡಿ ಅವರು ಪೆನ್ನು ಕೆಳಗಿಟ್ಟು, ಇಬ್ಬರನ್ನೂ ಕೂರಿಸಿದರು. ಹದಿನೈದು ದಿನ ನನ್ನನ್ನು ಮನೆಯಲ್ಲಿರಲು ಹೇಳಿದರು. ಅಮ್ಮನಿಗೆ ಯಂತ್ರ ರಿಪೇರಿ, ರಜೆ ಎಂದೆ. ಅಮ್ಮ ಸಂತೋಷವಾಗಿ ಸೊಪ್ಪು ಕೊಯ್ಯಲು ಕಳಿಸಿದಳು. ಆ ಹದಿನೈದು ದಿನದಲ್ಲಿ ಹುಳು ಗೂಡು ಕಟ್ಟಿ ಮುಗಿಸಿದವು, ನನಗೆ ಮಾತ್ರ ಕೆಲಸ ಉಳಿಯುತ್ತದೋ ಇಲ್ಲವೋ ತಿಳಿಯಲಿಲ್ಲ.

ಮೊನ್ನೆ ಗುರುವಾರ ಕರೆ ಬಂತು. ಕೆಲಸದಿಂದ ತೆಗೆಯಲಿಲ್ಲ. ಎಚ್ಚರಿಕೆ ಪತ್ರ ಕೊಟ್ಟರು, ಬಡ್ತಿ ಎರಡು ವರ್ಷ ಇಲ್ಲ. ಅದು ನನಗೆ ಸರಿಯೆನಿಸಿತು. ಫೋರ್‌ಮನ್ನಿಗೂ ಎಚ್ಚರಿಕೆ ಪತ್ರ ಹೋಗಿದೆ. ಇನ್ನು ಮುಂದೆ ಪ್ರತಿ ತಿದ್ದುಪಡಿಗೂ ಎರಡು ಹೆಸರು, ಟೈಪು ಮಾಡಿದವರದ್ದು ಮತ್ತು ಓದಿ ನೋಡಿದವರದ್ದು. ಯಂತ್ರದ ಬಳಿ ಖಾಲಿ ಓಡಿಸಿದವರು ಸಹಿ ಹಾಕದೆ ಲೋಹದ ತುಂಡು ಕಟ್ಟುವ ಹಾಗಿಲ್ಲ. ನಿನಗೆ ಆಗ ಕೊಟ್ಟಿದ್ದ ಸರ್ವಿಸ್ ಸರ್ಟಿಫಿಕೇಟಿನಲ್ಲಿ ‘ಅಲಕ್ಷ್ಯದಿಂದಾಗಿ’ ಎಂಬ ಪದವಿತ್ತಲ್ಲ, ಅದನ್ನು ತೆಗೆದು ಹೊಸದು ಬರೆಸಿದ್ದಾರೆ. ಇದರ ಜೊತೆ ಇಟ್ಟಿದ್ದೇನೆ, ಮಡಿಕೆಯಲ್ಲಿ ಹರಿಯದಂತೆ ಬಿಡಿಸು. ದಾಖಲೆ ತಿದ್ದಿದ್ದು ನೀನು ಮಾಡಿದ ತಪ್ಪು ಎಂದು ಮೇನೇಜರು ಕಟ್ಟುನಿಟ್ಟಾಗಿಯೇ ಹೇಳಿದರು, ಸುಮ್ಮನೆ ನಿನ್ನನ್ನು ಹೊಗಳಿದರು ಎಂದುಕೊಳ್ಳಬೇಡ. ಆದರೆ ಹೇಳಿ ಮುಗಿಸಿದ ಮೇಲೆ, ಅವನೀಗ ಎಲ್ಲಿದ್ದಾನೆ, ಏನು ಮಾಡುತ್ತಿದ್ದಾನೆ ಎಂದು ಕೇಳಿದರು. ವಿಳಾಸವನ್ನು ತಮ್ಮ ಡೈರಿಯಲ್ಲಿ ಬರೆದುಕೊಂಡರು.

ಕಂಪ್ಯೂಟರಿನಲ್ಲಿ ಆ ಸಾಲನ್ನು ಸರಿಮಾಡಬೇಕಾಗಿತ್ತು. ಶ್ಯಾಮಣ್ಣನವರು, ನೀನು ಮಾಡಿದ ಹಾಗೇ ಹೆಸರೊಂದನ್ನು ಬದಲಾಯಿಸಿಬಿಟ್ಟರೆ ಒಂದು ನಿಮಿಷದ ಕೆಲಸ ಎಂದರು. ನಾನು ಒಪ್ಪಲಿಲ್ಲ. ಹಾಗೆ ಮಾಡಿದರೆ ನೀನು ಅಲ್ಲಿ ಇರಲೇ ಇಲ್ಲ ಎಂದಾಗುತ್ತದೆ. ಹಳೆಯದನ್ನು ಹಾಗೇ ಬಿಟ್ಟು, ಅದರ ಮೇಲೆ ಹೊಸದೊಂದು ಸೇರಿಸಿ, ಕಾರಣ ಬರೆಯುವ ಜಾಗದಲ್ಲಿ ನನ್ನ ಹರುಕು ಇಂಗ್ಲಿಷಿನಲ್ಲಿ ಬರೆದೆ. ಕನ್ನಡದಲ್ಲಿ ಹೇಳುವುದಾದರೆ ಇಷ್ಟು: ಮಾರ್ಚಿ ಹನ್ನೊಂದರ ತಿದ್ದುಪಡಿ ಮಾಡಿದವಳು ಆದಿ. ಹನ್ನೆರಡರಂದು ಹೆಸರು ಬದಲಿಸಿದವನು ವೆಂಕಟ್, ತಂಗಿಯನ್ನು ಉಳಿಸಲು. ಇಂದು ಇದನ್ನು ಬರೆಯುತ್ತಿರುವವಳು ಆದಿ. ಶ್ಯಾಮಣ್ಣನವರು ಓದಿ, ‘ತಂಗಿಯನ್ನು ಉಳಿಸಲು ಅನ್ನೋದೆಲ್ಲ ಅಲ್ಲಿ ಬರೆಯೋದಲ್ಲಮ್ಮಾ’ ಅಂದರು. ಯಾಕೆ ಎಂದು ಕೇಳುವ ಜಾಗವಲ್ಲವೇ ಅದು ಎಂದೆ. ಅವರು ಮತ್ತೆ ಕನ್ನಡಕ ಒರೆಸಿಕೊಂಡರು. ಓದಿ ನೋಡಿದವರು ಎಂಬ ಜಾಗದಲ್ಲಿ ತಮ್ಮ ಹೆಸರು ಹಾಕಿದರು.

ಅಣ್ಣಾ, ನೀನು ಮಾಡಿದ್ದಕ್ಕೆ ಉಪಕಾರವಾಯಿತು ಎಂದು ಬರೆಯಲು ಕೈ ಬರುತ್ತಿಲ್ಲ, ಮಾಡಬಾರದಾಗಿತ್ತು ಎಂದು ಬೈಯಲೂ ಆಗುತ್ತಿಲ್ಲ. ನಾನು ಬಾಗಿಲಲ್ಲಿ ನಿಂತು ಅಂದ ಮಾತಿಗೆ ಮಾತ್ರ ಕ್ಷಮಿಸು. ಅದನ್ನು ಅಂದವಳೂ ನಾನೇ, ಆ ಮಾತಿಗೂ ನನ್ನ ಹೆಸರೇ ಇರಲಿ. ಅಪ್ಪನಿಗೆ ನಿನ್ನೆ ತೋಟದಲ್ಲಿ ಹೇಳಿದೆ. ಅವನು ಕುಡುಗೋಲು ಹಿಡಿದು ನಿಂತೇ ಕೇಳಿ, ‘ಅವ್ನು ಚಿಕ್ಕಂದಿನಾಗೂ ನಿಂಗೆ ಬೀಳೋ ಏಟು ತಾನೇ ತಿನ್ನೋನು’ ಎಂದು ಮತ್ತೆ ಸೊಪ್ಪು ಕೊಯ್ಯಲು ಬಗ್ಗಿದ. ಬಹಳ ಹೊತ್ತು ಬಗ್ಗಿಯೇ ಇದ್ದ. ಅಮ್ಮನಿಗೆ ಇನ್ನೂ ಹೇಳಿಲ್ಲ, ಧೈರ್ಯ ಸಾಲದೆ ಈ ಪತ್ರ ಬರೆಯುತ್ತಾ ಕೂತಿದ್ದೇನೆ. ಇದನ್ನು ಮುಗಿಸಿ ಇವತ್ತು ಸಂಜೆಯೇ ಹೇಳುತ್ತೇನೆ.

ಅಪ್ಪ ನಿನಗೆ ಆಶೀರ್ವಾದ ತಿಳಿಸಿದ್ದಾನೆ, ಹೊಟ್ಟೆಗೆ ಹೊತ್ತು ಹೊತ್ತಿಗೆ ಹಾಕಿಕೋ ಎಂದಿದ್ದಾನೆ. ಶ್ಯಾಮಣ್ಣನವರು ಕೇಳಿದೆನೆಂದು ಬರೆಯಲು ಹೇಳಿದರು. ನನ್ನ ಜೊತೆಯ ಹುಡುಗಿಯರಿಬ್ಬರಿಗೂ ವಿಷಯ ಗೊತ್ತಾಗಿದೆ. ನಿನಗೆ ನಮಸ್ಕಾರ ಹೇಳು ಎಂದರು, ಹೇಳುವಾಗ ಇಬ್ಬರೂ ಬೇರೆ ಕಡೆ ನೋಡುತ್ತಿದ್ದರು. ಮುಂದಿನ ಕಾರ್ಡಿನಲ್ಲಿ ಮೂರಕ್ಕಿಂತ ಹೆಚ್ಚು ಮಾತಿರಲಿ.

ನಿನ್ನ ತಂಗಿ,
ಆದಿಲಕ್ಷ್ಮಿ

ಮರೆತಿದ್ದೆ, ಅಲ್ಲ, ಮರೆತಿಲ್ಲ, ಈಗಷ್ಟೇ ಆದದ್ದು. ಸೋಮವಾರ ಬೆಳಿಗ್ಗೆ, ಬಸ್ಸಿಗೆ ಹೊತ್ತಾಗುತ್ತಿದೆ, ಅಕ್ಷರ ಸೊಟ್ಟವಾದರೆ ಸಹಿಸಿಕೋ. ನಿನ್ನೆ ಸಂಜೆ ಅಮ್ಮನಿಗೆ ಎಲ್ಲ ಹೇಳಿದೆ. ಬೈಯುತ್ತಾಳೆಂದು ಕಾದೆ, ಬೈಯಲಿಲ್ಲ. ‘ಆಸ್ಪತ್ರೆಗೆ ದಿನಾ ಹೋಗ್ತಿದ್ನಾ?’ ಎಂದು ಒಂದೇ ಒಂದು ಕೇಳಿದಳು. ನಿನಗೆ ಯಾರೂ ಬರೆದಿರಲಾರರು, ನೀನು ಹೋದ ಮೇಲೆ ಅಮ್ಮ ಒಂದು ಸಲವೂ ನಿನ್ನ ಹೆಸರು ಹೇಳಿಲ್ಲ, ಕಾರ್ಡು ಬಂದರೂ ‘ಅವ್ನು ಬರ್ದವ್ನಾ’ ಅಷ್ಟೇ. ಇವತ್ತು ಬೆಳಿಗ್ಗೆ ಎದ್ದವಳೇ ಚೀಲ ಕೊಡವಿ ಇಟ್ಟಳು. ನಾನು ಪತ್ರದಲ್ಲಿ ಅವಳ ಮಾತೂ ಸೇರಿಸುತ್ತೇನೆ ಎಂದರೆ, ‘ಕಾಗ್ದದಾಗೆ ಬ್ಯಾಡ. ನಾನೇ ಹೋಯ್ತೀನಿ. ಅವ್ನ ಮುಂದೇನೇ ನಿಂತು ಕೂಗ್ತೀನಿ’ ಅಂದಳು. ಭಾನುವಾರ ಇಪ್ಪತ್ತೊಂದಕ್ಕೆ ಅಪ್ಪ ಹೊಸೂರಿನಲ್ಲಿ ಸೇಲಂ ಬಸ್ಸಿಗೆ ಹತ್ತಿಸುತ್ತಾನೆ, ಅಲ್ಲಿ ಬದಲಾಯಿಸಿ ಸಂಜೆ ಆರರೊಳಗೆ ಕೊಯಮತ್ತೂರು. ನಾನು ಜೊತೆಗೆ ಬರುತ್ತೇನೆಂದರೂ ಬೇಡವೆಂದಳು. ಕೃಷ್ಣಗಿರಿ ದಾಟಿ ಎಂದೂ ಹೋದವಳಲ್ಲ, ಬೋರ್ಡು ಓದಲು ಬಾರದು. ಶಿಫ್ಟು ಇದ್ದರೆ ಯಾರಿಗಾದರೂ ಬದಲಾಯಿಸಿ ನಾಲ್ಕು ಗಂಟೆಗೇ ಬಸ್‌ಸ್ಟ್ಯಾಂಡಿಗೆ ಹೋಗಿ ನಿಲ್ಲು. ಕಂಡ ಕೂಡಲೇ ಓಡಿ ಹೋಗಿ ಚೀಲ ಕಿತ್ತುಕೊಳ್ಳಬೇಡ ಅಣ್ಣಾ. ಬಸ್ಸಿಳಿದು ಸುತ್ತ ನೋಡಲಿ. ಅವಳು ನಿನ್ನ ಹೆಸರು ಹಿಡಿದು ಕೂಗುವವರೆಗೆ ಸ್ವಲ್ಪ ದೂರದಲ್ಲೇ ನಿಂತಿರು.